ಹಳಿಯಾಳದ ಕುಸ್ತಿ ನೋಡಲು ಹೊರಟವರಿಗೆ

ಮೊದಲ ಸಲ ಕುಸ್ತಿ ನೋಡುವವರ ಕಣ್ಣು ಕೈಗಳ ಮೇಲೇ ಇರುತ್ತದೆ. ಅದನ್ನು ಪಾದದತ್ತ ಇಳಿಸಿ, ಪಟ್ಟು ಹುಟ್ಟುವುದು ಅಲ್ಲಿ. ಇಬ್ಬರೂ ಕುತ್ತಿಗೆ ಹಿಡಿದು ತಲೆಗೆ ತಲೆ ಕೊಟ್ಟು ನಿಂತಾಗ ಆಟ ನಿಂತೇಹೋಯಿತು ಅನ್ನಿಸಬಹುದು. ಆದರೆ ಆಗಲೇ ಒಬ್ಬ ಇನ್ನೊಬ್ಬನನ್ನು ಜಗ್ಗಿ, ಅವನ ಮೈಭಾರವನ್ನೆಲ್ಲ ಮುಂಗಾಲಿಗೆ ತರುತ್ತಿರುತ್ತಾನೆ. ಭಾರ ಬಿದ್ದ ಕಾಲನ್ನು ತಟ್ಟನೆ ಹಿಂದೆಗೆಯಲು ಆಗುವುದಿಲ್ಲ. ಕೈ ಹೋಗುವುದು ಆ ಕಾಲಿಗೇ.

ಜಾತ್ರೆಯ ಕೆಮ್ಮಣ್ಣಿನ ಅಖಾಡದಲ್ಲಿ ಲೆಕ್ಕ ಸುಲಭ: ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಕುಸ್ತಿ ಮುಗಿಯಿತು. ನಿಕಾಲಿ ಕುಸ್ತಿಯೆಂದರೆ ತೀರ್ಮಾನ ಆಗುವವರೆಗೂ ಬಿಡುವಂತಿಲ್ಲ. ಹಲಗಿಯ ಬಡಿತ ಏರಿದಾಗ ನೀವೂ ಎದ್ದು ನಿಲ್ಲಿ. ಕುಳಿತು ನೋಡುವ ಆಟವಲ್ಲ ಇದು.

ಮ್ಯಾಟ್ ಕುಸ್ತಿಗೆ ಬೇರೆ ಕಣ್ಣು ಬೇಕು. ಹಿರಿಯರ ಪಂದ್ಯ ಮೂರು ಮೂರು ನಿಮಿಷದ ಎರಡು ಸುತ್ತು. ಎದುರಾಳಿಯನ್ನು ಕೆಡವಿ ಹತೋಟಿಗೆ ತಂದರೆ 2 ಅಂಕ, ವೃತ್ತದಾಚೆ ತಳ್ಳಿದರೆ 1, ಎತ್ತಿ ಬೆನ್ನ ಮೇಲಾಗುವಂತೆ ಎಸೆದರೆ 4, ಎತ್ತರದ ಭರ್ಜರಿ ಎಸೆತಕ್ಕೆ 5. ಫ್ರೀಸ್ಟೈಲ್‌ನಲ್ಲಿ 10 ಅಂಕ ಮುಂದಾದರೆ ಪಂದ್ಯ ಅಲ್ಲಿಗೇ ಮುಕ್ತಾಯ. ಅಂಕ 1-1 ಆಗಿದ್ದರೆ ಕೊನೆಯ ಅಂಕ ಪಡೆದವರು ಗೆದ್ದಂತೆ. ಹಾಗಾಗಿ ಕಡೆಯ ಅರ್ಧ ನಿಮಿಷದಲ್ಲಿ ಹಿಂದಿರುವವಳ ಅವಸರವನ್ನೂ ಮುಂದಿರುವವಳ ಜಾಣತನವನ್ನೂ ಒಟ್ಟಿಗೆ ನೋಡಬೇಕು. ನನಗೆ ಇಡೀ ಪಂದ್ಯದ ರುಚಿ ಇರುವುದು ಅಲ್ಲೇ.

'ಮುಂದಿರುವವಳು' ಅಂದೆ. ಹೌದು, ಇಲ್ಲಿ ಹುಡುಗಿಯರ ಕುಸ್ತಿಯನ್ನು ತಪ್ಪಿಸಿಕೊಳ್ಳಬೇಡಿ. ಹಳಿಯಾಳದ ಕ್ರೀಡಾ ವಸತಿ ನಿಲಯದಲ್ಲಿ ಪಳಗಿದವರಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿಯರೂ ಇದ್ದಾರೆ. ಅವರಲ್ಲೊಬ್ಬಳು ಗೆದ್ದಾಗ ಪಕ್ಕದವರು ಯಾರಾದರೂ 'ಆಫ್ರಿಕಾದ ರಕ್ತ ನೋಡ್ರಿ' ಎಂದರೆ ತಲೆಯಾಡಿಸಬೇಡಿ. ಆ ಮಾತಿನ ಮೇಲೆ ಸರ್ಕಾರಿ ಯೋಜನೆಯೊಂದೇ ನಿಂತಿತ್ತು. 1987ರಲ್ಲಿ, ಇದೇ ಉತ್ತರ ಕನ್ನಡ ಜಿಲ್ಲೆಯ ನಂಟಿದ್ದ ಮಾರ್ಗರೆಟ್ ಆಳ್ವ ಕೇಂದ್ರದ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ಯಿತು. ಮೂಲ ಆಫ್ರಿಕಾ, ಹಾಗಾಗಿ ಪದಕ ಖಚಿತ ಎಂಬ ಎಣಿಕೆ. ಹರ್ಡಲ್ಸ್ ಓಟಗಾರ್ತಿ ಕಮಲಾ ಸಿದ್ದಿಯಂಥವರು ಬೆಳಕಿಗೆ ಬಂದರು, ಕೆಲವರಿಗೆ ನೌಕರಿ ಸಿಕ್ಕಿತು. 1993ರಲ್ಲಿ ಯೋಜನೆ ನಿಂತಿತು. ಪದಕವನ್ನಷ್ಟೇ ಎಣಿಸುವ ಯೋಜನೆಗೆ, ಓಟ ನಿಂತ ಮೇಲೆ ಹುಡುಗ ಯಾವ ತರಗತಿಗೆ ಮರಳಬೇಕು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಹಾಗೆ ಮರಳುವವರಿಗೆ ಆಗ ಪರಿಶಿಷ್ಟ ಪಂಗಡದ ಆಸರೆಯೂ ಇರಲಿಲ್ಲ; ಈ ಜಿಲ್ಲೆಯ ಸಿದ್ದಿಯರಿಗೆ ಆ ಮಾನ್ಯತೆ ದಕ್ಕಿದ್ದೇ 2003ರಲ್ಲಿ.

ಆಟ, ಓದು ಎರಡನ್ನೂ ಜೊತೆಗೇ ನೋಡುವ ಮಾತು ಆಮೇಲೆ ನೀತಿಯಲ್ಲೂ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯಕ್ಕೂ ಪಠ್ಯೇತರಕ್ಕೂ ಗೋಡೆ ಬೇಡ ಎಂದಿತು. ಕರ್ನಾಟಕ ಸರ್ಕಾರ ಆ ನೀತಿಯನ್ನು ಬದಿಗಿಟ್ಟು, 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯದ್ದೇ ನೀತಿಗೆ ಆಯೋಗ ರಚಿಸಿತು. ಬೆಂಗಳೂರು-ದೆಹಲಿಯ ಈ ಜಗ್ಗಾಟ ಮುಖ್ಯವೇ. ಆದರೆ ಜೋಯಿಡಾದ ಕಾಡಂಚಿನ ಊರಿನಿಂದ ಬಂದ ಹುಡುಗಿಗೆ ಊಟ, ಹಾಸಿಗೆ, ಶಾಲೆ, ಮ್ಯಾಟ್ ನಾಲ್ಕೂ ಒಂದೇ ಊರಿನಲ್ಲಿ ಸಿಗುವುದು ವಸತಿ ನಿಲಯದಿಂದ. ನೀತಿಯನ್ನು ಅಳೆಯಬೇಕಾದರೆ ನಾನು ಅಲ್ಲಿಂದಲೇ ಶುರುಮಾಡುತ್ತೇನೆ.

ಪಂದ್ಯ ಮುಗಿದ ಮೇಲೆ ತರಬೇತುದಾರರು ಸಿಕ್ಕರೆ ಗೆದ್ದವರ ವಿಷಯ ಕೇಳಬೇಕಿಲ್ಲ, ಅದನ್ನು ಅವರೇ ಹೇಳುತ್ತಾರೆ. ಮೊಣಕಾಲಿಗೆ ಪೆಟ್ಟಾಗಿ ಆಟ ಬಿಟ್ಟವರು ಈಗ ಎಲ್ಲಿ ಓದುತ್ತಿದ್ದಾರೆ ಎಂದು ಕೇಳಿ.