ಲೇಖಕನ ಮಾತು, ಪ್ರಕಾಶಕನ ಕತ್ತರಿ

ಲೇಖಕನ ಕೃತಿಯನ್ನು ಲೋಕಕ್ಕೆ ತಲುಪಿಸುವವನು ಪ್ರಕಾಶಕ. ತಲುಪಿಸುವ ಕೈಗೆ ತಿದ್ದುವ ಅಧಿಕಾರವೂ ಉಂಟೆ? ಉಂಟಾದರೆ ಅದರ ಎಲ್ಲೆ ಯಾವುದು? ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ (1828–1905) ಮತ್ತು ಅವನ ಪ್ರಕಾಶಕ ಪಿಯರ್ ಜೂಲ್ ಎಟ್ಜೆಲ್ (1814–1886) ಪರಸ್ಪರ ಬರೆದ ಪತ್ರಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ. ಇವು 1999ರಿಂದ 2002ರವರೆಗೆ ಜಿನೀವಾದಲ್ಲಿ ಮೂರು ಸಂಪುಟಗಳಾಗಿ ಅಚ್ಚಾಗಿವೆ.

ಎಟ್ಜೆಲ್ ಬರಿಯ ವ್ಯಾಪಾರಿಯಲ್ಲ. ಗಣರಾಜ್ಯದ ನಿಷ್ಠೆಗಾಗಿ ದೇಶಭ್ರಷ್ಟನಾಗಿದ್ದವನು. ವಿಕ್ಟರ್ ಹ್ಯೂಗೋನ ಕೃತಿಗಳನ್ನು ಪ್ರಕಟಿಸಿದವನು. 1863ರಲ್ಲಿ ವರ್ನನ ಮೊದಲ ಕಾದಂಬರಿಯನ್ನು ಹೊರತಂದು ಅವನಿಗೆ ಕೀರ್ತಿಯ ದಾರಿ ತೆರೆದವನೂ ಅವನೇ. ಅವನ ತಿದ್ದುಪಡಿಗಳೆಲ್ಲ ಕೇಡಿನವೆನ್ನುವುದು ಅನ್ಯಾಯವಾದೀತು. ಉತ್ತರ ಧ್ರುವವನ್ನು ಅರಸಿ ಹೊರಟ ಕ್ಯಾಪ್ಟನ್ ಹ್ಯಾಟರಸ್ ಹಸ್ತಪ್ರತಿಯಲ್ಲಿ ಜ್ವಾಲಾಮುಖಿಗೆ ಬಿದ್ದು ಸಾಯುತ್ತಾನೆ. ಎಟ್ಜೆಲನ ಒತ್ತಾಯದಿಂದ ಅವನು ಬದುಕುಳಿದು ಬುದ್ಧಿಭ್ರಮಣೆಗೊಂಡು, ಸದಾ ಉತ್ತರದಿಕ್ಕಿಗೇ ನಡೆಯುತ್ತಾನೆ. ಈ ಅಂತ್ಯ ಸಾವಿಗಿಂತ ಮರ್ಮಭೇದಕ.

ಸಾಗರಗರ್ಭದಲ್ಲಿ ಸಂಚರಿಸುವ ನೀಮೋನ ವಿಷಯದಲ್ಲಿ ವಿವಾದ ತೀವ್ರವಾಯಿತು. ಅವನು ಹಡಗುಗಳನ್ನು ಮುಳುಗಿಸುವುದೇಕೆ? 1863ರ ದಂಗೆಯಲ್ಲಿ ರಷ್ಯನ್ನರಿಂದ ಸಂಸಾರವನ್ನೇ ಕಳೆದುಕೊಂಡ ಪೋಲಿಷ್ ಕುಲೀನ ಅವನೆಂಬುದು ವರ್ನನ ಕಲ್ಪನೆ. ರಷ್ಯದ ಓದುಗರನ್ನು ಕಳೆದುಕೊಳ್ಳಲು ಎಟ್ಜೆಲ್ ಸಿದ್ಧನಿರಲಿಲ್ಲ. ನೀಮೋನನ್ನು ಗುಲಾಮ ವ್ಯಾಪಾರದ ವೈರಿಯಾಗಿಸೆಂದನು. ವರ್ನ್ ಒಪ್ಪಲಿಲ್ಲ. ಸುಳ್ಳು ಕಾರಣ ಹೇಳುವುದಕ್ಕಿಂತ ಕಾರಣವನ್ನೇ ಹೇಳದಿರುವುದು ಲೇಸೆಂದು ಬಗೆದನು. 1869–70ರಲ್ಲಿ ಹೊರಬಂದ ಕಾದಂಬರಿಯ ಗಾಂಭೀರ್ಯಕ್ಕೆ ಆ ಮೌನವೇ ಮೂಲ.

ಮುಂದೆ 1874–75ರ ‘ರಹಸ್ಯ ದ್ವೀಪ’ದಲ್ಲಿ ಮೌನ ಮುರಿಯುತ್ತದೆ. ನೀಮೋ ಬುಂದೇಲಖಂಡದ ರಾಜಕುಮಾರ ಡಕ್ಕಾರ್. 1857ರ ದಂಗೆಯ ನಾಯಕ. ನಮ್ಮ ಟಿಪ್ಪು ಸುಲ್ತಾನನ ಬಂಧು! 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದ ಟಿಪ್ಪುವಿಗೆ ಈತ ಸೋದರ ಸಂಬಂಧದ ಮಗನೆಂದರೆ ಕಾಲಗಣನೆ ಕಷ್ಟದಿಂದ ಒಪ್ಪೀತು. ಆದರೂ ನೊಂದ ನಾಡೊಂದರ ಅಳಲು ಫ್ರೆಂಚ್ ಕಾದಂಬರಿಯಲ್ಲಿ ಧ್ವನಿ ಪಡೆಯಿತೆಂಬುದು ಸಣ್ಣ ಮಾತಲ್ಲ. ದುಃಖದ ಸಂಗತಿಯೆಂದರೆ, ಹಸ್ತಪ್ರತಿಯಲ್ಲಿ ಸ್ವಾತಂತ್ರ್ಯವೇ ನೀಮೋನ ಕೊನೆಯುಸಿರಿನ ಮಾತಾಗಿತ್ತು. ಎಟ್ಜೆಲ್ ಅದನ್ನು ತೆಗೆದು ದೇವರನ್ನೂ ತಾಯ್ನಾಡನ್ನೂ ಸ್ಮರಿಸುವ ನುಡಿಯನ್ನಿರಿಸಿದನು. ನುಡಿ ಪವಿತ್ರವೇ ಸರಿ. ಆದರೆ ಅದು ನೀಮೋನದಲ್ಲ.

ಕಥೆಯ ಕಟ್ಟಡವನ್ನು ಪ್ರಕಾಶಕ ತಿದ್ದಬಹುದು. ಪಾತ್ರದ ಅಂತಃಸಾಕ್ಷಿಯನ್ನು ತಿದ್ದಲಾಗದು. ವರ್ನ್ ಎದುರು ನಿಂತಲ್ಲಿ ಕೃತಿ ಗೆದ್ದಿತು. ಮಣಿದಲ್ಲಿ, ಸಾಯುವವನ ಬಾಯಲ್ಲಿ ಪರರ ಮಾತು ಉಳಿಯಿತು.