ಮುತ್ತುಗದ ಎಲೆಯಲ್ಲಿ ಇತಿಹಾಸ

ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ'ಯನ್ನು ತೆರೆಗೆ ತರಲು ನಿರ್ದೇಶಕ ಬೊಂದಾರ್ಚುಕ್‌ಗೆ ನಾಲ್ಕು ಭಾಗಗಳೂ ಸಾವಿರಾರು ಸೈನಿಕರೂ ಬೇಕಾದರು. ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ 'ಗೃಹಭಂಗ'ವನ್ನು (1970) ಧಾರಾವಾಹಿಯಾಗಿಸಿದ ಗಿರೀಶ್ ಕಾಸರವಳ್ಳಿಯವರಿಗೆ ಸಿಕ್ಕಿದ್ದು ಒಂದು ಸೀಮೆಯ ಹಳ್ಳಿಬಾಳು, ಹಸಿವು, ಪ್ಲೇಗು. ಆದರೂ ಕಾಲವನ್ನು ಕಟ್ಟಿಕೊಡುವ ಕಸುಬಿನಲ್ಲಿ ಇದು ಅದಕ್ಕೆ ಕಡಿಮೆಯಿಲ್ಲ. ಏಕೆಂದರೆ ಇಲ್ಲಿ ಚರಿತ್ರೆ ಕೈಕೆಲಸದಲ್ಲಿದೆ. ಕಥಾನಾಯಕಿ ನಂಜಮ್ಮ ಹಚ್ಚುವ ಮುತ್ತುಗದ ಎಲೆಯನ್ನೇ ನೋಡಿ: ಒಣಗಿದ ಎಲೆಗೆ ನೀರು ಚಿಮುಕಿಸಿ ಮೆತ್ತಗಾಗಿಸದಿದ್ದರೆ ಕಡ್ಡಿ ಚುಚ್ಚಿದೊಡನೆ ಸೀಳುತ್ತದೆ, ಅಂಚಿನ ಮೇಲೆ ಅಂಚು ಕೂರದಿದ್ದರೆ ಸಾರು ಸೋರುತ್ತದೆ. ಗಂಡ ಶಾನುಭೋಗ, ಲೆಕ್ಕ ಬರೆಯುವವಳು ಮಾತ್ರ ಅವಳು. ಎಲೆ ಹಚ್ಚುವ ಬೆರಳೇ ಸರ್ಕಾರದ ಕಂದಾಯವನ್ನೂ ಕೂಡಿಸುತ್ತದೆ. ಒಂದು ಆಡಳಿತದ ಒಳಮೈ ತೋರಿಸಲು ಇದಕ್ಕಿಂತ ಒಳ್ಳೆಯ ರೂಪಕ ಯಾವುದು?

ಧಾರಾವಾಹಿಯೆಂದರೆ ಎಳೆದಾಟ, ಸಿನಿಮಾದ ಬಿಗಿ ಅದಕ್ಕೆಲ್ಲಿ ಎಂಬ ಆಕ್ಷೇಪ ಇದ್ದದ್ದೇ. ಸಾಮಾನ್ಯವಾಗಿ ಅದು ನಿಜ ಕೂಡ. ಆದರೆ ಬಡತನ ಒಂದೇ ಏಟಿಗೆ ಬೀಳಿಸುವುದಿಲ್ಲ, ದಿನದಿನವೂ ಸವೆಸುತ್ತದೆ. ಆ ಸವೆತಕ್ಕೆ ಕಂತುಗಳ ನಡಿಗೆಯೇ ತಕ್ಕ ಲಯ. ಮಾಳವಿಕಾ ಅವರ ನಂಜಮ್ಮನ ತಾಳ್ಮೆ, ಅತ್ತೆ ಗಂಗಮ್ಮನಾಗಿ ಬಿ. ಜಯಶ್ರೀ ಅವರ ಬೈಗುಳ ಎರಡೂ ಹೀಗೆ ನಿತ್ಯದ ಬದುಕಿನಂತೆ ಮರುಕಳಿಸಿಯೇ ತೂಕ ಪಡೆಯುತ್ತವೆ. ಪ್ಲೇಗು ಮಕ್ಕಳನ್ನು ಕಸಿಯುವ ಹೊತ್ತಿಗೆ ಆ ಮನೆಯ ಒಲೆ, ಹಜಾರ, ಲೆಕ್ಕದ ಪುಸ್ತಕ ನಮ್ಮವೇ ಆಗಿರುತ್ತವೆ. ಹಾಗಾಗಿ ಮುರಿಯುವುದು ನಮ್ಮ ಮನೆಯೇ.