ತೊಲೆಯೊಳಗಿನ ಗೊದ್ದ

ಮಳೆಗಾಲ ಮುಗಿದ ಮೇಲೆ ಕುಮಟಾ, ಹೊನ್ನಾವರ, ಭಟ್ಕಳದ ಹಳೆಯ ಹಂಚಿನ ಮನೆಗಳಲ್ಲಿ ದಾರಂದದ ಬುಡದಲ್ಲೋ ಪಕಾಸಿನ ಕೆಳಗೋ ಮರದ ಹುಡಿ ಕಾಣಿಸಿಕೊಳ್ಳುತ್ತದೆ. ‘ಒರಲೆ ಹಿಡಿಯಿತು’ ಎಂದು ಎಲ್ಲರೂ ಒಂದೇ ಮಾತು ಹೇಳಿಬಿಡುತ್ತಾರೆ. ಮರದ ಮೇಲೆ ಪ್ರೀತಿಯಿರುವವರು ಆ ಹುಡಿಯನ್ನು ಗುಡಿಸುವ ಮೊದಲು ಅಂಗೈಗೆ ಹಾಕಿಕೊಂಡು ನೋಡಬೇಕು. ತೀರಾ ನಯವಾಗಿದ್ದರೆ ಅದು ಕುಟ್ಟೆಹುಳದ್ದು. ನಾರುನಾರಾಗಿದ್ದು, ನಡುವೆ ಸತ್ತ ಹುಳಗಳ ಕಾಲು, ರೆಕ್ಕೆಯ ಚೂರು ಸಿಕ್ಕರೆ ಅದು ಗೊದ್ದವೆಂಬ ದೊಡ್ಡ ಇರುವೆಯ ಕೆಲಸ.

ಒರಲೆಗೆ ಮರವೇ ಊಟ. ಗೊದ್ದ ಮರವನ್ನು ತಿನ್ನುವುದಿಲ್ಲ, ವಾಸಕ್ಕಾಗಿ ಕೊರೆಯುತ್ತದೆ. ಅದರ ಆಹಾರ ಗಿಡಹೇನುಗಳು ಸ್ರವಿಸುವ ಸಿಹಿ ಮತ್ತು ಸಣ್ಣಪುಟ್ಟ ಕೀಟ. ಇದು ಸೇರಿರುವ ಕ್ಯಾಂಪೊನೋಟಸ್ ಕುಲದಲ್ಲಿ 1000ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಅಂಗಳದ ದೊಡ್ಡ ಕಪ್ಪು ಗೊದ್ದವನ್ನು ಕೀಟಶಾಸ್ತ್ರಜ್ಞ ಫ್ಯಾಬ್ರಿಷಿಯಸ್ 1787ರಲ್ಲೇ ವರ್ಣಿಸಿದ್ದರು.

ಹಾಳಾದ ತುಂಡೊಂದನ್ನು ಸೀಳಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒರಲೆಯ ದಾರಿಗೆ ಮಣ್ಣು ಮೆತ್ತಿರುತ್ತದೆ. ಗೊದ್ದದ ಕೋಣೆಗಳೋ ಗುಡಿಗಾರರು ಉಳಿಯಾಡಿಸಿ ಉಜ್ಜಿಟ್ಟಂತೆ ನುಣುಪು. ಮೆದುವಾದ ಎಳೆಗಳನ್ನು ಕೊರೆದು, ಗಟ್ಟಿ ಎಳೆಗಳನ್ನು ಗೋಡೆಯಾಗಿ ಉಳಿಸಿರುತ್ತವೆ. ಗೂಡಿರುವ ಮರವನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟರೆ ಒಮ್ಮೊಮ್ಮೆ ಒಳಗಿಂದ ಚರಚರ ಸದ್ದು ಬರುತ್ತದೆ. ಬೆದರಿದ ಇರುವೆಗಳು ದವಡೆಯನ್ನೂ ಹೊಟ್ಟೆಯನ್ನೂ ಮರಕ್ಕೆ ಬಡಿದು ಪರಸ್ಪರ ಎಚ್ಚರಿಸುವ ಬಗೆ ಅದು.

ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಸೀಮೆ ನಮ್ಮದು. ಹಾಗಿದ್ದೂ ಒಣಗಿದ ತೇಗ, ಹೊನ್ನೆ, ಹಲಸಿನ ತಿರುಳಿಗೆ ಗೊದ್ದ ಬಾಯಿ ಹಾಕುವುದು ಅಪರೂಪ. ಹಂಚು ಒಡೆದು, ಪಕಾಸು ಗೋಡೆಗೆ ಕೂಡುವಲ್ಲಿ ನೀರಿಳಿದು, ಬೂಸು ಹಿಡಿದು ಮರ ಮೆತ್ತಗಾದ ಮೇಲೆಯೇ ಅದಕ್ಕೆ ದಾರಿ. ನಮ್ಮ ಗೊದ್ದ ಹೆಚ್ಚಾಗಿ ನೆಲದಲ್ಲಿ, ಮರಗಳ ಬುಡದಲ್ಲಿ ಗೂಡು ಮಾಡುವಂಥದ್ದು. ಈ ಕುಲದ ಹಲವು ಜಾತಿಗಳಲ್ಲಿ ರಾಣಿಯೂ ಮೊಟ್ಟೆಗಳೂ ಹೊರಗಿನ ತಾಯಿಗೂಡಿನಲ್ಲೇ ಉಳಿಯುತ್ತವೆ. ಬೆಳೆದ ಮರಿ, ಕೋಶಗಳನ್ನಷ್ಟೇ ಕೆಲಸಗಾರ ಇರುವೆಗಳು ಬೇರೆ ಗೂಡಿಗೆ ಸಾಗಿಸುತ್ತವೆ. ಹಾಗಾಗಿ ಕಂಡ ಸಾಲಿಗೆ ವಿಷ ಹೊಡೆದರೆ ಆ ಸಾಲು ಸಾಯುತ್ತದೆ, ಕಾರಣ ಉಳಿಯುತ್ತದೆ.

ಗೊದ್ದದ ಓಡಾಟ ರಾತ್ರಿ ಹೆಚ್ಚು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಸಾಲಿನ ಬೆನ್ನು ಹತ್ತಿ. ಮಾಡಿಗೆ ತಾಗಿದ ಮಾವಿನ ಕೊಂಬೆಯೇ ಸೇತುವೆಯಾಗಿದ್ದರೆ ಸವರಿಬಿಡಿ. ಹಂಚು ಕೈಯಾಡಿಸಿ. ಒಳ್ಳೆಯ ಆಚಾರಿಯನ್ನು ಕರೆಸಿ, ಕೊಳೆತಷ್ಟನ್ನೇ ಕೊಯ್ದು ಒಣಮರದ ಜೋಡು ಕೂರಿಸಿ. ತುದಿಗಳಿಗೆ ಗೇರೆಣ್ಣೆ ಬಳಿಯಿರಿ, ಗಾಳಿಯಾಡಲು ಬಿಡಿ.

ಭಟ್ಕಳದ ಹಳೆಯ ನವಾಯತ ಮನೆಗಳ ಮುಚ್ಚಿಗೆಯಲ್ಲಿ, ಹೊನ್ನಾವರ–ಕುಮಟಾದ ಚೌಕಿಮನೆಗಳ ಕಂಬಗಳಲ್ಲಿ ಇರುವಂಥ ಮರವನ್ನು ಇಂದು ದುಡ್ಡು ಕೊಟ್ಟರೂ ತರಲಾಗದು. ಗೊದ್ದ ಬಂತೆಂದು ತೊಲೆಯನ್ನೇ ಇಳಿಸಿ ಕಬ್ಬಿಣ ಏರಿಸಿದರೆ ಇರುವೆ ಹೋದೀತು, ಸೋರಿಕೆ ಹೋಗದು. ಮೊದಲು ಏಣಿ ಹತ್ತಿ ಒಡೆದ ಹಂಚು ಹುಡುಕಿ. ಅದನ್ನು ಬದಲಿಸಿದರೆ ಆ ಮರ ಇನ್ನೊಂದು ತಲೆಮಾರನ್ನು ಹೊರುತ್ತದೆ.